ಅಂಕಣದಲ್ಲಿ ಅಪ್ಪ ಅಲ್ಲ

ಅವನಿಗೆ ನಾವಿಟ್ಟ ಹೆಸರು ತಕ್ಕಡಿ. ನಾನೂ ಅವನೂ ಒಟ್ಟಿಗೇ ವಾಲಿಬಾಲ್ ರೆಫರಿ ಪರೀಕ್ಷೆ ಪಾಸಾದವರು. ಮಹಾ ನ್ಯಾಯವಂತ, ಅಷ್ಟೇ ದೊಡ್ಡ ತಲೆನೋವು. ಆ ದಿನ ಬರಬೇಕಿದ್ದ ರೆಫರಿ ಜ್ವರವೆಂದು ಕೈಕೊಟ್ಟರು. ಬೇರೆ ಗತಿಯಿಲ್ಲದೆ, ಮಗಳು ಆಡುವ ಪಂದ್ಯಕ್ಕೆ ಅಪ್ಪನನ್ನೇ ಪೀಠ ಹತ್ತಿಸಿದರು. ಎರಡೂ ತಂಡಗಳು ಒಪ್ಪಿದ್ದವು, ಅವನಿಗೇ ಸಮಾಧಾನವಿರಲಿಲ್ಲ.

"ಅಂಕಣದಲ್ಲಿ ನಾನು ನಿನ್ನ ಅಪ್ಪ ಅಲ್ಲ. ಸಾರ್ ಅನ್ನು," ಎಂದ, ನನ್ನೆದುರೇ.

"ಆಯ್ತು ಸಾರ್," ಎಂದು ಹುಡುಗಿ ನಕ್ಕಳು.

ನೆಟ್ಟಿನ ಒಂದು ತುದಿಯಲ್ಲಿ ಎತ್ತರದ ಪೀಠದ ಮೇಲೆ ಅವನು. ಇನ್ನೊಂದು ತುದಿಯಲ್ಲಿ, ನೆಲದ ಮೇಲೆ, ಎರಡನೇ ರೆಫರಿಯಾಗಿ ನಾನು. ಗ್ಯಾಲರಿಯಿಂದ ಯಾರೋ "ಅಪ್ಪನ ಪಾಯಿಂಟು" ಎಂದು ಕೂಗಿದ್ದೇ ತಡ, ಮಗಳಲ್ಲಿ ಇಲ್ಲದ ತಪ್ಪು ಹುಡುಕತೊಡಗಿದ.

ಕೊನೆಯ ಸೆಟ್ಟಿನಲ್ಲಿ ಅವಳು ಚೆಂಡಿನ ಹಿಂದೆ ಓಡಿ, ಬೆಂಚಿನ ಅಂಚಿಗೆ ಕತ್ತು ಬಡಿದು ಬಿದ್ದಳು. ಚೆಂಡು ಇನ್ನೂ ಆಟದಲ್ಲಿತ್ತು. ಅಂಥ ಪೆಟ್ಟು ಬಿದ್ದಾಗ ತಕ್ಷಣ ಸೀಟಿ ಊದಿ ಆಟ ನಿಲ್ಲಿಸಬೇಕು, ಆ ಪಾಯಿಂಟನ್ನು ಆಮೇಲೆ ಮತ್ತೆ ಆಡಿಸಬೇಕು. ಸೀಟಿ ಅವನ ಬಾಯಲ್ಲೇ ಇತ್ತು. ಊದಿದರೆ ಮಗಳ ತಂಡ ಕಳೆದುಕೊಳ್ಳಲಿದ್ದ ಪಾಯಿಂಟನ್ನು ಉಳಿಸಿಕೊಟ್ಟ ಅಪ್ಪನಾಗುತ್ತಾನಲ್ಲ ಎಂದು, ಚೆಂಡು ನೆಲಕ್ಕೆ ಬೀಳಲೆಂದು ಕಾಯುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ನಾನೇ ಊದಿದೆ.

ಜೊತೆಯ ಹುಡುಗಿಯರು ಅವಳನ್ನು ಎತ್ತಲು ಓಡಿ ಬಂದರು. ನಾನು ಅಡ್ಡ ನಿಂತು, ಡಾಕ್ಟರನ್ನು ಕೈಬೀಸಿ ಕರೆದೆ.

"ಬದಲಿ ಆಟಗಾರ್ತಿ ಯಾರೂ ಉಳಿದಿಲ್ಲ ಮೇಡಂ," ಎಂದ ಅವಳ ತಂಡದ ಕೋಚ್. "ಸುಧಾರಿಸಿಕೊಳ್ಳೋಕೆ ಮೂರು ನಿಮಿಷ ಇದೆಯಲ್ಲ, ಮೆಲ್ಲಗೆ ಎಬ್ಬಿಸಿ ಕೂರಿಸ್ತೀನಿ."

"ನಿಮ್ಮ ಮೂರು ನಿಮಿಷಕ್ಕೆ ಬೆಂಕಿ ಬೀಳ್ಲಿ. ಕತ್ತು ರೀ ಅದು. ಯಾರೂ ಮುಟ್ಟಕೂಡದು."

ತಕ್ಕಡಿ ಪೀಠದಿಂದ ಇಳಿದು ಬಂದ. ಅವಳ ತಲೆ ಅಲುಗದಂತೆ ಹಿಡಿದುಕೊಳ್ಳಲು ಡಾಕ್ಟರು ಹೇಳಿದರು. ಮಂಡಿಯೂರಿ ಎರಡೂ ಕೈಯಲ್ಲಿ ಹಿಡಿದ.

"ಸಾರ್," ಎಂದಳು ಹುಡುಗಿ, "ನನ್ನ ಕಾಲೇ ಗೊತ್ತಾಗ್ತಿಲ್ಲ."

"ಅಪ್ಪ ಅನ್ನಮ್ಮ."

"ಆಟ ಮುಗೀತಾ ಸಾರ್?"

ಅಂಕಣದಲ್ಲಿ ಆರು ಜನರಿಲ್ಲದಿದ್ದರೆ ಅವಳ ತಂಡ ಸೋತ ಹಾಗೆ. ಅವನು ಕೋಚ್ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ಮುಗೀತು," ಎಂದ.

ಆಗ ಅವಳ ಕಣ್ಣಲ್ಲಿ ನೀರು ಬಂತು.

"ಅಪ್ಪಾ, ಭಯ ಆಗ್ತಿದೆ," ಎಂದಳು.