ಹೆಲೆನಮ್ಮನ ಅರ್ಜಿ

ಪಿಟ್ಸ್‌ಬರ್ಗಿನಲ್ಲಿ ನಾನು ಓಡಿಸುವ ಬಸ್ಸು ಉಳಿಯಬೇಕಾದರೆ ಗಾಂಜಾ ಮಾರಾಟಕ್ಕೆ ಒಪ್ಪಿಗೆ ಕೊಟ್ಟು, ಅದರ ತೆರಿಗೆ ಹಣವನ್ನು ಬಸ್ಸುಗಳಿಗೆ ಬಳಸಬೇಕು ಎಂದು ಮೇಲಿನವರು ಹೇಳಿದ್ದರು. ಎಂಬತ್ತು ದಾಟಿದ ಹೆಲೆನಮ್ಮ, ಬಸ್ಸಿಲ್ಲದ ಭಾನುವಾರ ಬಿಟ್ಟು, ದಿನವೂ ಗುಡ್ಡದ ಮೇಲಿನ ಚರ್ಚಿಗೆ ಬೆಳಗಿನ ಪ್ರಾರ್ಥನೆಗೆ ಹೋಗುತ್ತಿದ್ದುದು ಅದೇ ಬಸ್ಸಿನಲ್ಲಿ. ಅದರಲ್ಲೇ ಕೂತು, ಗಾಂಜಾ ಬೇಡವೆಂಬ ಅರ್ಜಿಗೆ ಎಲ್ಲರ ಸಹಿ ಹಾಕಿಸುತ್ತಿದ್ದಳು. ಕೊನೆಗೆ ಹಾಳೆಯನ್ನು ನನ್ನ ಮೂಗಿನ ಮುಂದೆಯೂ ಹಿಡಿದಳು. ನನಗೆ ರೇಗಿತು. ಚರ್ಚಿನ ಗುಡ್ಡದ ಬುಡದಲ್ಲೇ ಬಸ್ಸು ನಿಲ್ಲಿಸಿ ಬಾಗಿಲು ತೆಗೆದೆ.

"ಇಳೀರಿ ಅಮ್ಮಾ, ಈಗ್ಲಿಂದ್ಲೇ ನಡೆಯೋದು ಕಲೀರಿ. ಆ ದುಡ್ಡು ಬರ್ದಿದ್ರೆ ಈ ಬಸ್ಸೂ ಇರಲ್ಲ."

ಅವಳು ಹಿಮ ಬಿದ್ದ ಏರನ್ನು ನೋಡಿದಳು. ಅರ್ಜಿಯನ್ನು ಮಡಚಿ ಚೀಲಕ್ಕೆ ತುರುಕಿದಳು.

"ಬಾಗ್ಲು ಹಾಕೋ ಕರ್ಟಿಸ್, ಚಳಿ! ಅಲ್ಲಾ, ಭಾನುವಾರಾನೂ ಬಸ್ ಬಿಡ್ಬೇಕಂದ್ರೆ ಆ ಗಾಂಜಾದವ್ರು ಇನ್ನೆಷ್ಟು ಸೇದ್ಬೇಕಾಗುತ್ತೆ?"