ಎರಡನೇ ಮನೆಯ ಕೆಮ್ಮು

ಅಕ್ಕಂದಿರೇ, ಅಣ್ಣಂದಿರೇ, ಪಕ್ಕದ ಮನೆಯವರು ಕೆಮ್ಮಿದರೆ ನಿಮಗೆ ಕೇಳಿಸುತ್ತದೆಯೇ? ನಮಗಂತೂ ಕೇಳಿಸುತ್ತದೆ. ಕಾಂಗೆಮಿ ಬಡಾವಣೆಯ ನಮ್ಮ ವಠಾರದಲ್ಲಿ ಹತ್ತು ಮನೆ, ಒಂದು ನಲ್ಲಿ, ಒಂದು ಗೇಟು. ಮನೆ ಎಂದರೆ ಒಂದೊಂದು ಕೋಣೆ, ಮಧ್ಯೆ ತಗಡಿನ ಗೋಡೆ. ಮೂರನೇ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಕದಡಿದರೆ ಐದನೇ ಮನೆಗೆ ಗೊತ್ತಾಗುತ್ತದೆ.

ನಾನು ಗೇಟಿನ ಪಕ್ಕದ ಒಂದನೇ ಮನೆಯವಳು. ವಠಾರ ನೋಡಿಕೊಳ್ಳುವುದು ನನ್ನ ಕೆಲಸ. ಹಗಲೆಲ್ಲ ಗೇಟಿನ ಬಳಿ ಕೂತು ಸುಕುಮಾ ಸೊಪ್ಪನ್ನು ಸಣ್ಣಗೆ ಹೆಚ್ಚಿ ಮಾರುತ್ತೇನೆ. ಎಲ್ಲರೂ ನನ್ನನ್ನು ಕಿಮೆಮಿಯಾನ ಅಮ್ಮ ಎನ್ನುತ್ತಾರೆ. ಕಿಮೆಮಿಯಾ ನನ್ನ ಮಗ, ಮೊಂಬಾಸಾ ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಅವನು ಬಂದುಹೋಗಿ ಎಷ್ಟು ದಿನವಾಯಿತು ಎಂದು ಮಾತ್ರ ಕೇಳಬೇಡಿ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಎರಡನೇ ಮನೆಗೆ ಮುಗೋಯಾ ಬಾಡಿಗೆಗೆ ಬಂದ. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿರಬೇಕು. ರಸ್ತೆ ಬದಿಯ ಶೆಡ್ಡಿನಲ್ಲಿ ಸೋಫಾಗಳಿಗೆ ಸ್ಪಂಜು ತುಂಬಿ ಬಟ್ಟೆ ಹೊದಿಸುವ ಕೆಲಸ ಅವನದು. ಹೆಸರು ಕೇಳಿದ ಕೂಡಲೇ ಇವನು ಗಡಿಯ ಈಚೆಯ ಬುಸಿಯಾ ಕಡೆಯ ಲೂಹ್ಯಾ ಬುಡಕಟ್ಟಿನವನು ಎಂದುಕೊಂಡೆವು. ನಮ್ಮಲ್ಲಿ ಹೆಸರೊಂದು ಸಿಕ್ಕರೆ ಸಾಕು, ಯಾವ ಬುಡಕಟ್ಟು, ಯಾರಿಗೆ ವೋಟು ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಅವನೂ ಅಲ್ಲ ಎನ್ನಲಿಲ್ಲ.

ಅವನ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಭಾನುವಾರ ಹತ್ತು ಮನೆಯಲ್ಲಿ ಒಂಬತ್ತು ಮನೆಗೆ ನೆಂಟರು. ಇವನ ಮನೆಯಲ್ಲಿ ಬರೀ ರೇಡಿಯೊ. ರೇಡಿಯೊದಲ್ಲಿ ಕಾರ್ಯಕ್ರಮ ನಡೆಸುವ ಹುಡುಗಿ “ಎಲ್ಲರೂ ಹೇಗಿದ್ದೀರಿ?” ಎಂದರೆ, ತಗಡಿನ ಆಚೆಯಿಂದ ಇವನು “ಚೆನ್ನಾಗಿದ್ದೀನಿ” ಎನ್ನುತ್ತಿದ್ದ. ಮೊದಲ ಸಲ ಕೇಳಿದಾಗ ನಾನು ಹೊದ್ದ ಬಟ್ಟೆಯ ಅಂಚು ಬಾಯಿಗೆ ಒತ್ತಿಕೊಂಡು ನಕ್ಕೆ. ಆಮೇಲಾಮೇಲೆ ನಗು ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಶುರುವಾಯಿತು. “ಸೋಫಾ ಧೂಳು ಅಮ್ಮಾ” ಎಂದ. ಒಂದು ತಿಂಗಳಾದರೂ ಧೂಳು ಇಳಿಯಲಿಲ್ಲ. ಅಂಗಿ ಭುಜದಿಂದ ಜಾರುವಷ್ಟು ಸೊರಗಿದ. ಆರೋಗ್ಯ ಕಾರ್ಯಕರ್ತೆ ಅವಿನೊ ನೀಲಿ ಚೀಲ ಹೆಗಲಿಗೇರಿಸಿಕೊಂಡು ಮನೆಮನೆಗೆ ಬಂದಾಗ ನಾನೇ ಎರಡನೇ ಮನೆಯತ್ತ ಕೈ ತೋರಿಸಿದೆ. ಕಫದ ಪರೀಕ್ಷೆಯಾಯಿತು. ಕ್ಷಯ ಎಂದು ಬಂತು.

ಅವಿನೊ ನನ್ನ ಸೊಪ್ಪಿನ ಬುಟ್ಟಿಯ ಎದುರು ಕೂತಳು.

“ಆರು ತಿಂಗಳು ಗುಳಿಗೆ ಅಮ್ಮಾ. ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಕೊಡ್ತಾರೆ. ಆದ್ರೆ ಒಂದು ದಿನಾನೂ ತಪ್ಪಬಾರದು. ಅವನು ನುಂಗೋದನ್ನ ದಿನಾ ಒಬ್ರು ಕಣ್ಣಾರೆ ನೋಡ್ಬೇಕು. ನೀವು ಹೇಗೂ ಇಲ್ಲೇ ಇರ್ತೀರಲ್ಲ?”

“ನಾನಾ? ಆ ಕೆಮ್ಮು ನನಗೆ ಅಂಟಿದ್ರೆ ನಿಮ್ಮಪ್ಪ ಬಂದು ಸೊಪ್ಪು ಹೆಚ್ತಾನಾ?”

“ನಮ್ಮಪ್ಪಂಗೆ ಮೀನು ಹೆಚ್ಚೋದು ಬಿಟ್ರೆ ಏನೂ ಬರಲ್ಲ” ಎಂದು ನಕ್ಕಳು. ಅವಿನೊ ಲುವೊ ಬುಡಕಟ್ಟಿನವಳು, ಸರೋವರದ ಕಡೆಯವಳು. “ಎರಡು ಮೂರು ವಾರ ಸರಿಯಾಗಿ ಗುಳಿಗೆ ತಗೊಂಡ್ರೆ ಸಾಮಾನ್ಯವಾಗಿ ಅಂಟೋದು ನಿಲ್ಲತ್ತೆ. ಅಲ್ಲಿವರೆಗೂ ಕಿಟಕಿ ತೆಗೆದಿರ್ಲಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀಲಿ. ನೀವು ಬಾಗಿಲ ಹೊರಗೆ, ಗಾಳಿಯಲ್ಲಿ ನಿಂತು ನೋಡಿ.”

ಗೊಣಗುತ್ತಲೇ ಒಪ್ಪಿದೆ. ಬೆಳಗ್ಗೆ ಏಳಕ್ಕೆ ಅವನು ಬಾಗಿಲಿಗೆ ಬಂದು ಗುಳಿಗೆ ನುಂಗುತ್ತಿದ್ದ, ನಾಲಿಗೆ ಎತ್ತಿ ತೋರಿಸುತ್ತಿದ್ದ. ನಾನು ಹೂಂ ಎಂದು ಹೋಗುತ್ತಿದ್ದೆ. ಅಷ್ಟೇ.

ಆದರೆ ನನ್ನ ಕೈ ಸುಮ್ಮನಿರಲಿಲ್ಲ. ಈ ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನಾವು ಮಾಡುವ ಮೊದಲ ಕೆಲಸ ಅವರ ಊರಿನವರಿಗೆ ತಿಳಿಸುವುದು. ಪ್ರತಿ ಬುಡಕಟ್ಟಿಗೂ ಒಂದು ಸಂಘ. ಕಾಯಿಲೆಗೆ ಅವರು, ಸಾವಿಗೆ ಅವರು. “ನಿನ್ನೋರು ಯಾರೂ ಇಲ್ವೇನಪ್ಪಾ?” ಎಂದು ಕೇಳಿದೆ. “ಬೇಡ ಅಮ್ಮಾ, ಯಾರಿಗೂ ಹೇಳ್ಬೇಡಿ” ಎಂದ. ಸಂಕೋಚ ಪಡುತ್ತಾನೆ ಎಂದುಕೊಂಡೆ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಜಂಬದಲ್ಲಿ ಲೂಹ್ಯಾ ಸಂಘದ ಹಿರಿಯ ಮಕೋಖಾ ಅಜ್ಜನಿಗೆ ಹೇಳಿಕಳಿಸಿದೆ.

ಭಾನುವಾರ ನಾಲ್ಕು ಜನ ಬಂದರು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಒಂದು ಸೋಪು ತಂದಿದ್ದರು. ಮುಗೋಯಾ ಗೋಡೆಗೆ ಒತ್ತಿ ಕೂತ.

“ಯಾವ ಊರಪ್ಪಾ ನಿಂದು?” ಎಂದು ಮಕೋಖಾ ಅಜ್ಜ ಅಕ್ಕರೆಯಿಂದಲೇ ಕೇಳಿದ. “ಯಾರ ಮಗ? ಯಾವ ಕುಲ?”

ಹುಡುಗ ಏನೋ ಒಂದು ಊರಿನ ಹೆಸರು ಹೇಳಿದ. ಆ ಊರಿನವನೇ ಒಬ್ಬ ಎದುರಿಗೆ ಕೂತಿದ್ದ. ಇನ್ನೆರಡು ಪ್ರಶ್ನೆಗೆ ಎಲ್ಲ ಬಿಚ್ಚಿಕೊಂಡಿತು. ಇವನು ಗಡಿಯ ಆಚೆಯವನು, ಉಗಾಂಡಾದ ಜಿಂಜಾದ ಸೋಗಾ ಜನ. ಬಂದವರಲ್ಲಿ ಒಬ್ಬನ ಭಾವ ಜಿಂಜಾದಲ್ಲೇ ಅಂಗಡಿ ಇಟ್ಟಿದ್ದ. ಅಲ್ಲೇ ಅಂಗಳದಲ್ಲಿ ನಿಂತು ಫೋನು ಮಾಡಿದ. ಫೋನು ಇಟ್ಟವನು ಪಿಸುಮಾತಿನಲ್ಲಿ ಹೇಳಿದರೂ ನಮ್ಮದು ತಗಡಿನ ವಠಾರ. ಮುಗೋಯಾ ಅಲ್ಲಿ ಇನ್ನೊಬ್ಬ ಗಂಡಸಿನ ಜೊತೆ ಸಂಸಾರದ ಹಾಗೆ ಇದ್ದನಂತೆ. ಮನೆಯವರೇ ಹೊಡೆದು ಹೊರಗೆ ಹಾಕಿದರಂತೆ. ಅದು ಕಾನೂನಿಗೂ ಅಪರಾಧ, ಪೊಲೀಸರೂ ಹುಡುಕುತ್ತಿದ್ದರಂತೆ.

ಮಕೋಖಾ ಅಜ್ಜ ಎದ್ದು ನಿಂತ. ಜೊತೆಯವರು ಹಿಟ್ಟು, ಸಕ್ಕರೆ, ಸೋಪು ಎಲ್ಲವನ್ನೂ ತಿರುಗಿ ಹೊತ್ತುಕೊಂಡು ಹೋದರು. ಮುಗೋಯಾ ಅವರಿಗೆ ಬಾಗಿಲು ಹಿಡಿದು ನಿಂತಿದ್ದ, ಮರ್ಯಾದೆಯಿಂದ.

ಸೋಮವಾರ ನಾಲ್ಕನೇ ಮನೆಯ ನ್ದೂಕು ತನ್ನ ಬಟ್ಟೆಗಳನ್ನು ಅವನ ಬಟ್ಟೆಯ ಪಕ್ಕದಿಂದ ತೆಗೆದು ಹಗ್ಗದ ಆ ತುದಿಗೆ ಹಾಕಿದಳು. “ನಮ್ಮ ಮಕ್ಕಳಿರೋ ಜಾಗ ಇದು. ಅವನನ್ನ ಖಾಲಿ ಮಾಡಿಸ್ತೀರೋ, ನಾವು ಖಾಲಿ ಮಾಡ್ಬೇಕೋ?” ಎಂದು ಕೇಳಿದಳು. ನಾನು ಯೋಚನೆಯನ್ನೂ ಮಾಡಲಿಲ್ಲ. ಅವನ ಬಾಗಿಲಿಗೆ ಹೋಗಿ ತಿಂಗಳ ಕೊನೆಗೆ ಮನೆ ಬಿಡು ಎಂದೆ. “ಆಯ್ತು ಅಮ್ಮಾ” ಎಂದ. ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಏಳು ಗಂಟೆಗೆ ಅವನ ಬಾಗಿಲು ತೆರೆಯಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ರೇಡಿಯೊ ಕೂಡ ನಿಂತುಹೋಗಿತ್ತು. ಬರೀ ಕೆಮ್ಮು ಇತ್ತು.

ಮೂರನೇ ದಿನ ಅವಿನೊ ಬಂದಳು. ವಿಷಯ ಕೇಳಿ ಚೀಲವನ್ನು ದೊಪ್ಪನೆ ಕೆಳಗಿಟ್ಟಳು.

“ಅವನನ್ನ ಓಡಿಸ್ತೀರಿ, ಸರಿ. ಕ್ಷಯಾನೂ ಓಡಿಸ್ತೀರಾ? ಔಷಧಿ ಅರ್ಧಕ್ಕೆ ಬಿಟ್ರೆ ರೋಗ ಮೊಂಡಾಗತ್ತೆ. ಆಮೇಲೆ ಈ ಗುಳಿಗೆಗೆ ಬಗ್ಗಲ್ಲ. ಅವನಿಂದ ಇನ್ನೊಬ್ರಿಗೆ ಅಂಟಿದ್ರೂ ಆ ಮೊಂಡು ರೋಗಾನೇ ಅಂಟೋದು. ಅವನ ಜೀವಾನೂ ಹೋಗ್ಬಹುದು.”

“ರೋಗದ ಮಾತಲ್ಲ ಕಣೇ. ಅವನ ನಡತೆ. ಇದೆಲ್ಲ ನಮ್ಮ ಜನರಲ್ಲಿ ಇರ್ಲಿಲ್ಲ. ಬಿಳಿಯರು ತಂದಿದ್ದು.”

“ನಮ್ಮಜ್ಜಿ ಊರಲ್ಲಿ ಒಬ್ಬ ಹಿರಿಯ ಇದ್ದ. ಗೆಳೆಯನ ಜೊತೇಲೇ ಬಾಳ್ದ, ಒಂದೇ ದೋಣೀಲಿ ಮೀನು ಹಿಡಿದ. ಬಿಳಿಯರನ್ನ ಅವನು ದೂರದಿಂದ್ಲೂ ನೋಡಿರ್ಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಯಾರೂ ಕೆದಕ್ಲಿಲ್ಲ. ಅಮ್ಮಾ, ಇದು ಕಾಯಿಲೆ ಅಲ್ಲ, ಅಂಟೋದಲ್ಲ, ಮಕ್ಕಳಿಗೆ ಅಪಾಯಾನೂ ಅಲ್ಲ. ಕೆಲವರು ಹುಟ್ಟೋದೇ ಹಾಗೆ. ಅಂಟೋದು ಕ್ಷಯ. ಅದಕ್ಕೆ ಔಷಧಿ ಇದೆ.”

“ಮಾತಾಡೋಕೆ ನಿನಗೇನು. ವಠಾರದ ಜನ ನನ್ನ ಮುಖಕ್ಕೆ…”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ಅಮ್ಮಾ, ನಾನು ಮುಗೋಯಾನ ಅಣ್ಣ. ಜಿಂಜಾದಿಂದ” ಎಂದಿತು ಗಂಡುದನಿ. ಬಹಳ ವಿನಯದ ಮಾತು. “ನಿಮ್ಮಲ್ಲಿಗೆ ಬಂದಿದ್ದ ಸಂಘದವರು ನಂಬರ್ ಕೊಟ್ರು. ಅವನು ನಿಮ್ಮ ವಠಾರದಲ್ಲೇ ಇದ್ದಾನಂತೆ. ನಾವು ನಾಲ್ಕು ಜನ ಬರ್ತೀವಿ.”

“ಅವನಿಗೆ ಹುಷಾರಿಲ್ಲ. ನೋಡ್ಕೊಳ್ಳೋಕೆ ಬರ್ತೀರಾ?”

“ಮನೆತನದ ಹೆಸರು ಕೆಡಿಸಿದಾನೆ ಅಮ್ಮಾ. ಆ ವಿಷಯ ಮುಗಿಸ್ಬೇಕು. ಗೇಟು ಬೆಳಗ್ಗೆ ಎಷ್ಟು ಹೊತ್ತಿಗೆ ತೆಗೀತೀರಿ?”

ಕಾಯಿಲೆಯವನನ್ನು ನೋಡಿಕೊಳ್ಳಲು ಬರುವವರ ಮಾತಲ್ಲ ಅದು. ಗೇಟು ತೆಗೆಯುವವಳು ನಾನೇ. ಅವನ ಬಾಗಿಲಿಗೆ ಈ ದಾರಿ ಮಾಡಿಕೊಟ್ಟವಳೂ ನಾನೇ. ಬಾಯಿ ಜೋರಿದ್ದದ್ದು ಅವತ್ತು ಕೆಲಸಕ್ಕೆ ಬಂತು.

“ಯಾವ ಜಿಂಜಾ? ಇಲ್ಲಿರೋ ಮುಗೋಯಾ ಬುಸಿಯಾದವನು! ಅವನ ಊರಿನ ಹಿರಿಯರೇ ಮೊನ್ನೆ ಬಂದು ಮಾತಾಡಿಸ್ಕೊಂಡು ಹೋದ್ರು, ಹಿಟ್ಟು ಸಕ್ಕರೆ ತಂದಿದ್ರು. ನಿಮಗೆ ಯಾರೋ ತಪ್ಪು ಹೇಳಿದಾರೆ. ಒಂದೇ ಹೆಸರಿನವರು ಹತ್ತು ಜನ ಇರಲ್ವೇನಪ್ಪಾ?”

ಆ ಕಡೆಯಿಂದ ಫೋನು ಕಡಿಯಿತು.

ಅವಿನೊ ನೀರು ಕೊಟ್ಟಳು. ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು ಆಗ ಬಾಯಿಗೆ ಬಂತು.

“ಆ ಚುನಾವಣೆ ಗಲಾಟೆ ವರ್ಷ ನಾವು ಎಲ್ಡೊರೆಟ್ ಕಡೆ ಇದ್ವಿ ಕಣೇ. ರಸ್ತೆಗೆ ಮರ ಕಡಿದು ಅಡ್ಡ ಹಾಕಿದ್ರು. ನನ್ನ ಗಂಡನ್ನ ವ್ಯಾನಿಂದ ಇಳಿಸಿ ಕೇಳಿದ್ದು ಇಷ್ಟೇ. ಯಾವ ಊರು, ಯಾರ ಮಗ. ಅವನು ನಿಜ ಹೇಳ್ದ. ಕಿಕುಯು ಅಂತ ಗೊತ್ತಾಯ್ತು. ಅಷ್ಟು ಸಾಕಾಯ್ತು ಅವರಿಗೆ.”

ಅವಿನೊಳ ಲುವೊ ಜನರೂ ನಮ್ಮ ಕಿಕುಯು ಜನರೂ ಆ ವರ್ಷ ಒಬ್ಬರಿಗೊಬ್ಬರು ಮಾಡಿದ್ದು ಇಬ್ಬರಿಗೂ ಗೊತ್ತಿತ್ತು. ಅವಳು ನನ್ನ ಕೈ ಹಿಡಿದುಕೊಂಡು ಕೂತಳು.

ಆಮೇಲೆ ನಾನು ಎರಡನೇ ಮನೆಯ ಬಾಗಿಲು ಬಡಿದೆ.

“ತಿಂಗಳ ಕೊನೆಗೆ ಹೋಗ್ತೀನಿ ಅಮ್ಮಾ” ಎಂದಿತು ಒಳಗಿನ ದನಿ.

“ತಿಂಗಳ ಕೊನೆ ಯಾರು ಕೇಳಿದ್ರು? ಗುಳಿಗೆ ಎಲ್ಲಿ?”

“ಜನ ನೋಡ್ತಾರೆ. ನನ್ನ ಬಾಗಿಲಲ್ಲಿ ನಿಲ್ಬೇಡಿ.”

“ನೋಡ್ಲಿ, ಕಣ್ಣಿರೋದು ಅದಕ್ಕೇ. ಬಾಗಿಲು ತೆಗಿ, ಕಿಟಕೀನೂ ತೆಗಿ. ನೀನು ಎಲ್ಲಿಗೂ ಹೋಗೋ ಹಾಗಿಲ್ಲ.”

ಅವನು ಬಾಗಿಲು ತೆರೆದ. ಚಾಪೆಯ ಮೇಲೆ ಬಟ್ಟೆಯ ಗಂಟು ಕಟ್ಟಿಟ್ಟಿತ್ತು. ಎಲ್ಲಿಗೆ ಹೋಗುವವನಿದ್ದೆ ಎಂದು ಕೇಳಿದೆ. “ಗೊತ್ತಿಲ್ಲ ಅಮ್ಮಾ” ಎಂದ. ಆ ನಿನ್ನ ಗೆಳೆಯ ಎಲ್ಲಿದ್ದಾನೆ ಎಂದು ಕೇಳಿದೆ. ಅದಕ್ಕೂ ಗೊತ್ತಿಲ್ಲ ಎಂದ. ಅವನು ಅಳಲಿಲ್ಲ. ನನಗೇ ಅಳು ಬಂತು. ಅವಿನೊ ಅಂದೇ ಅವನನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಔಷಧಿ ಮತ್ತೆ ಶುರುಮಾಡಿಸಿದಳು.

ಇನ್ನೊಂದು ಕೆಲಸ ಬಾಕಿ ಇತ್ತು. ಮಕೋಖಾ ಅಜ್ಜನ ಮನೆಗೆ ಹೋದೆ. ಯಾರಾದರೂ ಕೇಳಿದರೆ ಈ ಹುಡುಗ ನಮ್ಮ ಬುಸಿಯಾದವನೇ ಎಂದು ಹೇಳಬೇಕು ಎಂದೆ.

“ಈ ವಯಸ್ಸಲ್ಲಿ ಸುಳ್ಳು ಹೇಳ್ಲಾ?”

“ಈ ವಯಸ್ಸಲ್ಲಿ ಒಂದು ಹೆಣ ಹೊರೋದಕ್ಕಿಂತ ಸುಳ್ಳು ಹೊರೋದು ಹಗುರ ಅಜ್ಜಾ.”

ಅಜ್ಜ ಕೋಲು ಊರಿ ಎದ್ದ. “ಹಿಟ್ಟು ವಾಪಸ್ ತರ್ಬಾರದಿತ್ತು” ಎಂದ. ಜಿಂಜಾಕ್ಕೆ ಫೋನು ಮಾಡಿದ್ದವನ ಬಾಯಲ್ಲೇ ಇವನು ಬೇರೆ ಮುಗೋಯಾ ಎಂದು ಹೇಳಿಸಿದ. ಜಿಂಜಾದಿಂದ ಯಾರೂ ಬರಲಿಲ್ಲ.

ವಠಾರದವರನ್ನೆಲ್ಲ ಅವಿನೊ ಪರೀಕ್ಷೆ ಮಾಡಿಸಿದಳು. ಯಾರಿಗೂ ಕ್ಷಯ ಇರಲಿಲ್ಲ. ನ್ದೂಕು ಈಗಲೂ ಅವನ ಜೊತೆ ಹೆಚ್ಚು ಮಾತಾಡುವುದಿಲ್ಲ, ಆದರೆ ಬಟ್ಟೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಹಾಕುತ್ತಾಳೆ. ಅವನ ವಿಷಯವೆಲ್ಲ ನನಗೆ ಅರ್ಥವಾಗಿದೆ ಎಂದು ನಾನೂ ಸುಳ್ಳು ಹೇಳಲಾರೆ. ಅವನು ಯಾರನ್ನು ಪ್ರೀತಿಸಿದರೂ ನನ್ನ ಸೊಪ್ಪು ಬಾಡಲಿಲ್ಲ, ಅಷ್ಟು ಗೊತ್ತು.

ಮಧ್ಯೆ ತಪ್ಪಿದ ದಿನಗಳನ್ನೂ ಸೇರಿಸಿ ಔಷಧಿ ಮುಗಿಯಿತು. ಪರೀಕ್ಷೆಯಲ್ಲಿ ಕ್ಷಯ ಹೋಗಿದೆ ಎಂದು ಬಂತು. ಅಂಗಿ ಮತ್ತೆ ಭುಜದ ಮೇಲೆ ನಿಂತಿತ್ತು. ಕೊನೆಯ ಗುಳಿಗೆ ನುಂಗಿ ನಾಲಿಗೆ ಎತ್ತಿ ತೋರಿಸಿದ. ನಾನು ಶಭಾಷ್ ಎಂದು ಹೊರಟೆ. ಅವನು ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.

“ಅಮ್ಮಾ, ನಾಳೆಯಿಂದ ಗುಳಿಗೆ ಇಲ್ಲ.”

“ಗೊತ್ತಲ್ಲ. ಒಳ್ಳೇದಾಯ್ತು.”

“ಗುಳಿಗೆ ಇಲ್ದೇ ಇದ್ರೂ… ಏಳು ಗಂಟೆಗೆ ನೀವು ಬರ್ತೀರಾ?”

ಆರು ತಿಂಗಳಿಗೂ ಮೇಲೆ, ದಿನಕ್ಕೆ ಒಂದೇ ನಿಮಿಷ ನಾನು ಅವನ ಬಾಗಿಲಲ್ಲಿ ನಿಂತಿದ್ದೆ. ಇಡೀ ದಿನದಲ್ಲಿ ಅವನ ಮುಖ ನೋಡಿ ನಿಲ್ಲುವ ಜೀವ ನಾನೊಬ್ಬಳೇ ಎಂದು ಅವತ್ತು ತಿಳಿಯಿತು. ನನ್ನ ಬೆಳಗೂ ಹೆಚ್ಚುಕಡಿಮೆ ಹಾಗೆಯೇ ಇತ್ತು ಎಂದು ಅವನಿಗೆ ಹೇಳಲಿಲ್ಲ. “ಚಹಾ ಮಾಡಿಟ್ಟಿರು, ಸಕ್ಕರೆ ಜಾಸ್ತಿ ಹಾಕು” ಎಂದು ಗದರಿಸಿ ಬಂದೆ.

ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಪಕ್ಕದವರನ್ನೂ ಕರೆದುಕೊಂಡು ಹೋಗಿ. ಶುರು ಮಾಡಿದ ಔಷಧಿಯನ್ನು ಯಾರಿಗೂ ಅರ್ಧಕ್ಕೆ ಬಿಡಿಸಬೇಡಿ. ಬೇಡ ಎಂದವರ ಗುಟ್ಟನ್ನು ಅವರ ಊರಿನವರಿಗೆ ಮುಟ್ಟಿಸಬೇಡಿ, ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಯಾವ ಜನ, ಯಾವ ದೇಶ, ಯಾರ ಜೊತೆ ಬಾಳುತ್ತಾನೆ ಎಂಬ ವಿಚಾರಣೆ ಬಿಟ್ಟು ಒಂದು ಸಲ ಆ ಬಾಗಿಲು ತಟ್ಟಿ. ಒಳಗೆ ಯಾರೋ ರೇಡಿಯೊಕ್ಕೆ ಉತ್ತರ ಕೊಡುತ್ತ ಕೂತಿರಬಹುದು.