ನಡುವಿನ ತೂತು

ರೆಕಾರ್ಡು ಒತ್ತುವ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿಯಣ್ಣ ಎಂದೇ. ಯಾರ ಹಾಡಿನದಾದರೂ ಸರಿ, ಮೊದಲು ಒತ್ತಿದ ತಟ್ಟೆ ಅವನ ಕಿವಿಗೆ ಬೀಳಬೇಕು. ಅವನು ಹೂಂ ಅಂದ ಮೇಲೆಯೇ ಉಳಿದವು. ಅವನೋ, ಸುಲಭಕ್ಕೆ ಹೂಂ ಅನ್ನುವ ಆಸಾಮಿಯಲ್ಲ. ಸಣ್ಣ ಚಟಪಟ ಕೇಳಿದರೂ ಮೂಗು ಮುರಿಯುತ್ತಿದ್ದ. "ಜನ ಇಷ್ಟು ದುಡ್ಡು ಸುರಿದು ಹೊಸ ರೆಕಾರ್ಡ್ ತಗೊಳ್ಳೋದು ಬಾಣಲೆ ಸದ್ದು ಕೇಳೋಕಲ್ಲ" ಎಂದು ಮಿಷನ್ನಿನವರ ಜನ್ಮ ಜಾಲಾಡುತ್ತಿದ್ದ.

ಅಂಥವನ ಮುಂದೆ ಸ್ವಂತ ಅಕ್ಕನ ರೆಕಾರ್ಡೇ ಬಂತು. ಗಂಟಲಿನ ಆಪರೇಷನ್ ಆಗಿ ಬಹಳ ಕಾಲ ಸುಮ್ಮನಿದ್ದವಳು ಮತ್ತೆ ಹಾಡಿದ್ದಳು. ಎಳೆದಲ್ಲೆಲ್ಲ ದನಿ ಓಲಾಡಿತು. ಪಾಪ, ಅಕ್ಕನ ಗಂಟಲು ಹೋಯಿತು ಎಂದುಕೊಂಡ ಕಿವಿಯಣ್ಣ. ತಟ್ಟೆಯ ಕಡೆ ಕಣ್ಣೆತ್ತಿಯೂ ನೋಡದೆ, ಮೊಟ್ಟಮೊದಲ ಸಲ ತಕರಾರಿಲ್ಲದೆ ಹೂಂ ಅಂದ.

ರೆಕಾರ್ಡುಗಳು ಮನೆಗೆ ಬಂದ ದಿನ ಅಕ್ಕ ಅವನನ್ನು ಕರೆದು ಕೂರಿಸಿ, ಒಂದನ್ನು ಹಾಕಿದಳು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಮುಖ ಸಪ್ಪಗಾಯಿತು.

"ಸಾಕು ಕಣೋ, ನಾನಿನ್ನು ಹಾಡಲ್ಲ. ನಡುಗೋ ದನಿ ಇಟ್ಕೊಂಡು ಯಾಕೆ ನಗೆಪಾಟಲಾಗ್ಬೇಕು?"

ಅವಳ ಮುಖ ನೋಡಲಾರದೆ ಅವನು ತಿರುಗುವ ತಟ್ಟೆಯನ್ನು ನೋಡಿದ. ಪ್ಲೇಯರಿನ ಮುಳ್ಳು ಹಿಡಿದ ಕೈ ಸುತ್ತು ಸುತ್ತಿಗೂ ಆಚೆ ಈಚೆ ತೂಗುತ್ತಿತ್ತು. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದಿತ್ತು. ಅಷ್ಟಾದರೆ ಸಾಕು, ಎಂಥ ದನಿಯೂ ಓಲಾಡುತ್ತದೆ. ಕಾರ್ಖಾನೆಗೆ ನಿನ್ನೆ ಸೇರಿದವರಿಗೂ ಗೊತ್ತಿರುವ ದೋಷ! ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

"ಅಕ್ಕಾ, ನಿನ್ನ ದನಿ ಚೆನ್ನಾಗೇ ಇದೆ. ತೂತು ಸರಿಯಿಲ್ಲ. ಎಲ್ಲಾ ವಾಪಸ್ ತಗೊಂಡು ಹೊಸದಾಗಿ ಒತ್ತಿಸ್ತೀನಿ."

ಅಕ್ಕನ ಮುಖ ಅರಳಿತು. ಆಮೇಲೆ ಏನೋ ಹೊಳೆದಂತೆ ಅವನನ್ನೇ ದಿಟ್ಟಿಸಿದಳು.

"ಮೊದಲು ಕೇಳಿದ್ದು ನೀನೇ ಅಲ್ವಾ?"

"ಹೌದು."

"ಬೇರೆಯವರ ದನಿ ಹೀಗೆ ಓಲಾಡಿದ್ರೆ?"

"ತೂತು ನೋಡ್ತಿದ್ದೆ."

"ನಂದಕ್ಕೆ?"

ಯಾರ್ಯಾರಿಗೋ ಕೊಟ್ಟ ಕಿವಿಯನ್ನು ಅವನು ಒಡಹುಟ್ಟಿದವಳಿಗೆ ಕೊಡದೆ, ಬರೀ ಅಯ್ಯೋ ಪಾಪ ಅಂದಿದ್ದ. ನಾಚಿಕೆಯಿಂದ ಹಿಡಿಯಷ್ಟಾದ.

ಅಕ್ಕ ಮುಳ್ಳನ್ನು ಎತ್ತಿಟ್ಟು, ಅವನೆದುರು ನಿಂತು ಅದೇ ಸಾಲು ಹಾಡಿದಳು. ಕೊನೆಯಲ್ಲಿ ಎಳೆದ ದನಿ ಬಿಗಿದ ದಾರದಂತೆ ನೆಟ್ಟಗೆ ನಿಂತಿತು, ಎಲ್ಲೂ ಅಲುಗಲಿಲ್ಲ.

"ಈಗ ಹೇಳು ಕಿವಿಯಣ್ಣ, ಪಾಸಾ?"

ಅವನು ಹೂಂ ಅನ್ನಲು ಹೋದ. ನಡುಗಿದ್ದು ಅವನ ದನಿ.